ವಸಡಿನ ಬಣ್ಣದ ಎರೆಹುಳ

ನವೆಂಬರ್ 4, 2024. ಸೋಮವಾರ, ಸಂಜೆ

ಇವತ್ತು ಲ್ಯಾಬಿನಲ್ಲಿ ಕಟ್ಟುಹಲ್ಲು ಎರಡು ಫುಲ್ ಸೆಟ್, ಒಂದು ಮೇಲ್ದವಡೆ. ಎಮ್ಮಿಗನೂರಿನ ಅಜ್ಜಿಯ ಹಲ್ಲುಸೆಟ್ಟು ಮೂರನೇ ಸಲ ವಾಪಸ್. ಮಾತಾಡಿದರೆ ಸೀಟಿ ಹೊಡೆಯುತ್ತದಂತೆ. ಮುಂದಿನೆರಡು ಹಲ್ಲು ತುಸು ಒಳಗೆ ಸರಿಸಿದೆ. ಲ್ಯಾಬಿನ ಯಜಮಾನರು ಪಂಪಣ್ಣ ಸರ್ ನೋಡಿ ಸರಿ ಎಂದರು.

ಮನೆಗೆ ಬಂದರೆ ಇವರು ಅದೇ ಕುರ್ಚಿ, ಅದೇ ಕಿಟಕಿ. ಬಲಗೈ ಕೊರಳಿನ ಪಟ್ಟಿಯಲ್ಲಿ ಜೋತುಬಿದ್ದಿದೆ. ಬೈಕಿನಿಂದ ಬಿದ್ದು ಭುಜದ ನರ ಕಿತ್ತು ಐದು ತಿಂಗಳಾಯಿತು. ಒಂದು ವರ್ಷ ಕಾಯಿರಿ ಎಂದಿದ್ದಾರೆ ಕರ್ನೂಲಿನ ಡಾಕ್ಟರ್. ಕಾಯುವುದು ಎಂದರೆ ಹೀಗೆ — ಮಾತಿಲ್ಲ, ಕತೆಯಿಲ್ಲ.

ಮೌಲಾಲಿ ಬಂದಿದ್ದ. ಪಂಕ್ಚರ್ ಅಂಗಡಿಯವನು. ಹನ್ನೆರಡು ವರ್ಷ ಭಾನುವಾರ ತಪ್ಪದೆ ಇವರ ಜೊತೆ ಗಾಳ ಹಾಕಿದವನು. ಕೆರೆ ತುಂಬಿದೆ, ಬಾ ಎಂದ. ಇವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಹುಳ ಚುಚ್ಚಾಕ ಎರಡು ಕೈ ಬೇಕಲ್ಲೋ."

"ನಾ ಚುಚ್ಚಿ ಕೊಡ್ತೀನಿ."

"ಪ್ರತೀ ಸಲಾನೂ?"

ಮೌಲಾಲಿ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಈ ಮನೆಯಲ್ಲಿ ಮೀನು ಬೇಯಬಾರದು — ಮದುವೆಯಾಗುವಾಗ ನಾನು ಕೇಳಿದ್ದು ಅದೊಂದೇ. ಹನ್ನೊಂದು ವರ್ಷ ಹಿಡಿದದ್ದೆಲ್ಲ ಮೌಲಾಲಿಯ ಮನೆಗೇ ಹೋಗಿದೆ. ತಿನ್ನುವುದಕ್ಕಲ್ಲ ಇವರು ಹೋಗುತ್ತಿದ್ದದ್ದು. ಹೋಗಿ ಬಂದರೆ ವಾರವೆಲ್ಲ ಸಿಳ್ಳೆ ಹಾಕುತ್ತಿದ್ದರು...

ನವೆಂಬರ್ 6, ಬುಧವಾರ

ಮೌಲಾಲಿ ಅಂಗಡಿ ಮುಂದೆ ನಿಲ್ಲಿಸಿ ಫೋನಿನಲ್ಲಿ ವಿಡಿಯೊ ತೋರಿಸಿದ. ಮೆತ್ತನೆಯ ಪ್ಲಾಸ್ಟಿಕ್ಕಿನ ಹುಳ, ಕಪ್ಪೆ, ಸಣ್ಣ ಮೀನು. ನೀರಿಗೆ ಬಿಟ್ಟರೆ ಬದುಕಿದಂತೆ ಕುಣಿಯುತ್ತವೆ. ಕೆರೆಯ ಕೊರಮೀನು ಅದಕ್ಕೇ ಬಾಯಿ ಹಾಕುತ್ತದಂತೆ.

ಒಂದು ಪ್ಯಾಕೆಟ್ ತರಿಸೋಣ ಭಾಬಿ ಎಂದ. ನಾನು ಬೇರೇನನ್ನೋ ನೋಡುತ್ತಿದ್ದೆ. ವಿಡಿಯೊದವನು ಮೇಣದಲ್ಲಿ ಹುಳ ಕೆತ್ತಿದ. ಪ್ಲಾಸ್ಟರ್‌ನಲ್ಲಿ ಅಚ್ಚು ತೆಗೆದ. ಕರಗಿದ ಪ್ಲಾಸ್ಟಿಕ್ ಹೊಯ್ದ. ಕೆತ್ತುವುದು, ಅಚ್ಚು ತೆಗೆಯುವುದು, ಹೊಯ್ಯುವುದು — ಹದಿನಾರು ವರ್ಷದಿಂದ ನಾನು ಮಾಡುತ್ತಿರುವುದು ಇದೇ. ಇನ್ನೂ ಒಂದು. ಗಾಳವನ್ನು ಅಚ್ಚಿನೊಳಗೇ ಇಟ್ಟು ಹೊಯ್ದರೆ ಚುಚ್ಚುವ ಕೆಲಸವೇ ಇಲ್ಲ. ದಾರದ ತುದಿಯ ಕೊಕ್ಕೆಗೆ ಸಿಕ್ಕಿಸಿದರಾಯಿತು. ಅದಕ್ಕೆ ಒಂದು ಕೈ ಸಾಕು.

ಹುಳ ಹೊಯ್ಯುವ ಪ್ಲಾಸ್ಟಿಕ್ ದ್ರಾವಣದ ಬಾಟಲಿ ಆರ್ಡರ್ ಮಾಡಿದೆ. ಇವರಿಗೆ ಹೇಳಿಲ್ಲ.

ನವೆಂಬರ್ 15, ಶುಕ್ರವಾರ

ಬಾಟಲಿ ಬಂತು. ಹಾಲಿನಂತೆ ಬೆಳ್ಳಗಿದೆ. ಊಟದ ಬಿಡುವಿನಲ್ಲಿ ಮೇಣದಲ್ಲಿ ಎರೆಹುಳ ಕೆತ್ತಿದೆ. ಬದುಕಿರುವುದನ್ನು ಒಮ್ಮೆಯೂ ಮುಟ್ಟಿದವಳಲ್ಲ. ಫೋನಿನಲ್ಲಿ ಫೋಟೊ ನೋಡಿಕೊಂಡು ಉಂಗುರ ಉಂಗುರವಾಗಿ ಗೀರಿದೆ. ಪ್ಲಾಸ್ಟರ್ ಅಚ್ಚು ಚೆನ್ನಾಗಿ ಬಂತು.

ಸಂಜೆ ಮಹಡಿ ಮೇಲೆ ಕರೆಂಟ್ ಒಲೆ ಇಟ್ಟೆ. ಲ್ಯಾಬಿನ ಮಾಸ್ಕ್ ಹಾಕಿಕೊಂಡೆ. ಅಡುಗೆಗೆ ಇನ್ನೆಂದೂ ಬಳಸಬಾರದೆಂದು ಹಳೆಯ ಪಾತ್ರೆಗೆ ಕೆಂಪು ಬಣ್ಣ ಹಚ್ಚಿಟ್ಟಿದ್ದೆ. ದ್ರಾವಣ ಕಾಯುತ್ತ ಕಾಯುತ್ತ ಮೊದಲು ಗಂಜಿಯಂತೆ ಗಟ್ಟಿ, ಗಂಟು ಗಂಟು. ಕೆಟ್ಟಿತು ಎಂದುಕೊಂಡೆ. ತಿರುವುತ್ತಲೇ ಇದ್ದೆ — ಒಮ್ಮೆಲೇ ತಿಳಿಯಾಯಿತು, ಎಣ್ಣೆಯಂತೆ. ಹೊಯ್ದೆ. ಚಟಪಟ ಸಿಡಿಯಿತು. ಹುಳದ ಮೈತುಂಬ ಗುಳ್ಳೆ. ಪಾತ್ರೆಯಲ್ಲಿ ಉಳಿದದ್ದು ಅಷ್ಟರಲ್ಲಿ ಸೀದು ಹಳದಿ. ವಾಸನೆ ಕೆಳಗಿನವರೆಗೂ ಇಳಿದಿರಬೇಕು. ಏನದು ಎಂದು ಇವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನವೆಂಬರ್ 19, ಮಂಗಳವಾರ

ಶನಿವಾರ ಪಂಪಣ್ಣ ಸರ್‌ಗೆ ತೋರಿಸಿದೆ. ನಕ್ಕರು. ಅಚ್ಚಿನಲ್ಲಿ ಪಸೆ ಇತ್ತು, ಅದೇ ಆವಿಯಾಗಿ ಗುಳ್ಳೆ ಎದ್ದಿದೆ ಎಂದರು. ನನಗೇ ಹೊಳೆಯಬೇಕಿತ್ತು. ಮೂರು ದಿನ ಬಿಸಿಲಿಗಿಟ್ಟೆ. ಅಚ್ಚಿನ ಸಣ್ಣ ರಂಧ್ರ ಮುಚ್ಚಲೆಂದು ಬಿಳಿ ಗೋಂದಿಗೆ ನೀರು ಬೆರೆಸಿ ಮೂರು ಸಲ ಬಳಿದೆ.

ಬಣ್ಣ? ಲ್ಯಾಬಿನಲ್ಲಿ ಇರುವ ಪುಡಿ ಒಂದೇ, ಕಟ್ಟುಹಲ್ಲಿನ ವಸಡಿನ ಗುಲಾಬಿ. ಒಂದು ಚಿಟಿಕೆ ಕೇಳಿ ತಂದೆ.

ಇವತ್ತು ಸರಿಯಾಗಿ ಬಂತು. ಆರು ಹುಳ, ಒಂದೊಂದರ ಹೊಟ್ಟೆಯಲ್ಲೂ ಗಾಳ. ಕಿವಿಯ ಹಾಲೆಯಷ್ಟು ಮೆತ್ತಗೆ. ಎಲ್ಲವೂ ವಸಡಿನ ಬಣ್ಣ. ಒಬ್ಬಳೇ ಮಹಡಿ ಮೇಲೆ ಕೂತು ನಕ್ಕೆ.

ನವೆಂಬರ್ 22, ಶುಕ್ರವಾರ

ಅಮ್ಮ ಬಂದಿದ್ದಳು. ತಟ್ಟೆಯಲ್ಲಿದ್ದ ಹುಳ ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಪ್ಲಾಸ್ಟಿಕ್ ಎಂದೆ. ಯಾಕೆ, ಯಾರಿಗೆ — ಎಲ್ಲ ಹೇಳಿದೆ. ಸೆರಗು ಬಿಗಿಮಾಡಿಕೊಂಡು ಸ್ವಲ್ಪ ಹೊತ್ತು ನೋಡುತ್ತ ನಿಂತಳು.

"ಹಂಗಾದ್ರ ಎರೆಹುಳದ ಜೀವ ಒಂದು ಉಳೀತು ಅನ್ನು."

ನಮ್ಮಮ್ಮ ಅಂಬೂಬಾಯಿಯವರ ಬಾಯಿಂದ ಇಷ್ಟು ಬಂದದ್ದೇ ಹೆಚ್ಚು. ಮೀನು ತಿನ್ನುವವರ ಮನೆ ಸೇರಿದೆನೆಂದು ಹತ್ತು ವರ್ಷ ಈ ಮನೆಯ ಹೊಸ್ತಿಲು ತುಳಿಯದವಳು. ಜೂನ್‌ನಲ್ಲಿ ಮೊದಲ ಸಲ ಬಂದಳು. ಬಂದ ಖುಷಿಗೆ ನಾನು ಕೆರೆಯಲ್ಲಿದ್ದ ಇವರಿಗೆ ಫೋನ್ ಮಾಡಿದೆ — ಅಮ್ಮ ಬಂದಾಳ, ಬೇಗ ಬರ್ರಿ. ಬೇಗ ಬರಲು ಹೋಗಿಯೇ ಬಿದ್ದದ್ದು. ಇದನ್ನು ಇವರೂ ಎತ್ತಿಲ್ಲ, ನಾನೂ ಎತ್ತಿಲ್ಲ.

ನವೆಂಬರ್ 23, ಶನಿವಾರ

ಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ನೋಡಿದರು. ನನ್ನ ಮುಖ ನೋಡಲಿಲ್ಲ. "ಇದೆಲ್ಲ ಯಾಕ ಮಾಡ್ತಿ. ನನಗೇನೂ ಬ್ಯಾಡ," ಎಂದು ತಟ್ಟೆ ಸರಿಸಿದರು.

ಡಬ್ಬಿಗೆ ತುಂಬಿ ಮೇಲಿಟ್ಟೆ.

ಡಿಸೆಂಬರ್ 11, ಬುಧವಾರ

ಬರೆಯಲು ಏನೂ ಇರಲಿಲ್ಲ.

ಇವತ್ತು ಲ್ಯಾಬಿನಿಂದ ಬೇಗ ಬಂದೆ. ಕುರ್ಚಿ ಖಾಲಿ. ಬಚ್ಚಲಲ್ಲಿ ಸದ್ದು. ದೊಡ್ಡ ಟಬ್‌ ತುಂಬ ನೀರು, ನೆಲವೆಲ್ಲ ಒದ್ದೆ. ಇವರು ಮಣೆ ಮೇಲೆ ಕೂತು ಎಡಗೈಯಿಂದ ದಾರ ಎಳೆಯುತ್ತಿದ್ದಾರೆ. ತುದಿಯಲ್ಲಿ ಗುಲಾಬಿ ಹುಳ. ನಾನು ಬಂದದ್ದು ಗೊತ್ತಾಯಿತು. ತಿರುಗಲಿಲ್ಲ.

"ಬಾಲ ದಪ್ಪ ಆಗೈತಿ. ಕುಣಿಯಂಗಿಲ್ಲ."

ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಎಷ್ಟು ತೆಳ್ಳಗೆ ಬೇಕು ಎಂದು ಕೇಳಿದೆ. ದಾರದಂಗ ಎಂದರು. ಮತ್ತೆ ಕೊರಮೀನಿಗೆ ಹುಳಕ್ಕಿಂತ ಕಪ್ಪೆ ಆದೀತು ಎಂದರು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಡಿಸೆಂಬರ್ 15, ಭಾನುವಾರ, ಮಧ್ಯಾಹ್ನ

ಕಪ್ಪೆಗೆ ಎರಡು ಹೋಳಿನ ಅಚ್ಚು. ಮೇಣದ ಕಪ್ಪೆ ನೋಡಿ ಮೌಲಾಲಿ, ಇದಕ್ಕೆ ಹಲ್ಲುಸೆಟ್ಟು ಕಟ್ಟಿಸಿದಂಗ ಐತಿ ಭಾಬಿ ಎಂದ. ನಿಜವೇ, ಬಾಯಿ ಮನುಷ್ಯರದಾಗಿತ್ತು. ತಿದ್ದಿದೆ. ಸೊಂಟದ ಬೆಲ್ಟಿಗೆ ಪೈಪಿನ ತುಂಡು ಹೊಲಿದು ತಂದಿದ್ದಾನೆ. ಕೋಲಿನ ಬುಡ ಅದರಲ್ಲಿಟ್ಟರೆ ಎಡಗೈ ರೀಲ್ ತಿರುಗಿಸಲು ಬಿಡುವಾಗುತ್ತದೆ.

ಅವನು ಹೋದ ಮೇಲೆ ಮಹಡಿ ಮೇಲೆ ನಾವಿಬ್ಬರೇ ಹೊಯ್ದೆವು. ಇವರು ಎಡಗೈಯಿಂದ ಅಚ್ಚು ಒತ್ತಿ ಹಿಡಿದಿದ್ದರು. ಪಾತ್ರೆ ವಾಲಿ ಒಂದು ಹನಿ ನನ್ನ ಹೆಬ್ಬೆರಳಿಗೆ ಬಿತ್ತು. ಅಂಟಿಕೊಂಡು ಸುಡುತ್ತದೆ ಅದು. ಇವರು ಅಚ್ಚು ಬಿಟ್ಟು ನನ್ನ ಮಣಿಕಟ್ಟು ಹಿಡಿದು ಬಕೆಟ್ಟಿನ ನೀರಿಗೆ ಅದ್ದಿದರು. ಉರಿ ಇಳಿದ ಮೇಲೂ ಬಿಡಲಿಲ್ಲ.

ಆಗ ಬಾಯಿಂದ ಬಂತು. "ಆವತ್ತು ನಾ ಫೋನ್ ಮಾಡಬಾರದಿತ್ತುರಿ."

ನೀರನ್ನೇ ನೋಡುತ್ತ ಹೇಳಿದರು.

"ನಿನ್ನ ಫೋನ್ ಬಂದಮ್ಯಾಲೂ ಅರ್ಧ ತಾಸು ಅಲ್ಲೇ ಕುಂತಿದ್ದೆ. ಈ ಮೀನಿನ ಕೈಲೆ ನಿಮ್ಮಮ್ಮನ ಮುಂದ ಹೆಂಗ ನಿಂದ್ರಲಿ ಅಂತ. ತೊಳದೆ, ಮತ್ತ ತೊಳದೆ. ವಾಸನಿ ಹೋಗಲಿಲ್ಲ. ಆಮ್ಯಾಲ ತಡ ಆತು ಅಂತ ಗಾಡಿ ಓಡಿಸಿದೆ." ಉಸಿರೆಳೆದುಕೊಂಡರು. "ನೀ ಬರೇ ನಿಂದೇ ತಪ್ಪು ಅನ್ಕೊಂಡಿದ್ದಿ. ಗೊತ್ತಿತ್ತು ನನಗ. ಹೇಳಾಕ ಬಾಯಿ ಬರಲಿಲ್ಲ."

ಆರು ತಿಂಗಳು ನನ್ನ ಮುಖ ನೋಡದೆ ಇದ್ದದ್ದು ಸಿಟ್ಟಿನಿಂದಲ್ಲ.

ಇವರ ಎಡಗೈ ಎತ್ತಿ ಕೆನ್ನೆಗೆ ಒತ್ತಿಕೊಂಡೆ. ಒದ್ದೆ ಕೈ. ಆ ಹೊತ್ತಿಗೆ ಪಾತ್ರೆಯಲ್ಲಿದ್ದದ್ದೆಲ್ಲ ಗಟ್ಟಿಯಾಗಿತ್ತು. ಮತ್ತೆ ಕರಗಿಸಿದೆವು.

ಡಿಸೆಂಬರ್ 22, ಭಾನುವಾರ, ಸಂಜೆ 6

ಹೋಗಿ ಬಂದೆವು. ಮೌಲಾಲಿ ಕರೆತಂದ ಆಟೊದಲ್ಲಿ, ಕೋಸಗಿ ದಾರಿಯ ಕೆರೆಗೆ. ಹನ್ನೊಂದು ವರ್ಷದಲ್ಲಿ ನಾನು ಮೊದಲ ಸಲ ಜೊತೆಗೆ. ಏರಿ ಮೇಲೆ ಕಲ್ಲೊಂದರ ಮೇಲೆ ಕೂತೆ.

ಕಪ್ಪೆಯನ್ನು ಕೊಕ್ಕೆಗೆ ತಾವೇ ಸಿಕ್ಕಿಸಿಕೊಂಡರು. ಮೂರನೇ ಪ್ರಯತ್ನಕ್ಕೆ. ಮೌಲಾಲಿ ಕೈ ಚಾಚಿದವನು ನನ್ನ ಕಣ್ಣು ನೋಡಿ ಹಿಂದೆಗೆದುಕೊಂಡ. ಎಡಗೈ ಬೀಸು ಎತ್ತೆತ್ತಲೋ ಹೋಯಿತು. ಒಮ್ಮೆ ಜಾಲಿಗಿಡಕ್ಕೆ, ಒಮ್ಮೆ ಮೌಲಾಲಿಯ ಟೋಪಿಗೆ. ಎರಡು ತಾಸು ಏನೂ ಇಲ್ಲ. ನೋಡಲಾರದೆ ನಾನೇ ದೇವರಿಗೆ ಬೇಡಿಕೊಂಡೆ, ಒಂದು ಬರಲಿ ಎಂದು. ಮೀನಿಗಾಗಿ ಬೇಡಿಕೊಂಡದ್ದು ಅಮ್ಮನಿಗೆ ಹೇಳುವಂತಿಲ್ಲ.

ಹನ್ನೊಂದೂವರೆಗೆ ಜೊಂಡಿನ ಪಕ್ಕ ನೀರು ಒಡೆಯಿತು. ಕೋಲು ಬಿಲ್ಲಿನಂತೆ ಬಾಗಿತು. ಇವರು ಎರಡು ಹೆಜ್ಜೆ ನೀರಿಗೇ ಇಳಿದರು. ಬೆಲ್ಟು ಹಿಡಿಯಿತು, ರೀಲ್ ತಿರುಗಿತು, ಮೌಲಾಲಿ ಉರ್ದುವಿನಲ್ಲಿ ಏನೇನೋ ಹೇಳುತ್ತಿದ್ದ. ಕರಿಯ ಬೆನ್ನು ಒಮ್ಮೆ ಕಂಡಿತು, ನನ್ನ ಮೊಳದಷ್ಟು. ಆಮೇಲೆ ದಾರ ಸಡಿಲ.

ಎಳೆದರೆ ಕಪ್ಪೆಗೆ ಹಿಂಗಾಲು ಎರಡೂ ಇಲ್ಲ. ಬುಡಕ್ಕೇ ಕಚ್ಚಿದೆ.

ಇವರ ಮುಖ ನೋಡಲು ಹೆದರಿದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ನಗುತ್ತಿದ್ದರು. ಭುಜ ಅಲುಗುವಷ್ಟು ನಗು. "ಸುಷಮಾ, ನಿನ್ನ ಕಪ್ಪಿ ತಿಂತು ನೋಡು," ಎಂದರು. ಊರೆಲ್ಲ ಕೇಳುವಂತೆ.

ಡಿಸೆಂಬರ್ 24, ಮಂಗಳವಾರ, ಬೆಳಗ್ಗೆ 7

ಲ್ಯಾಬಿಗೆ ಹೊರಡುವ ಮುಂಚೆ ನಾಲ್ಕು ಸಾಲು. ಎರಡು ದಿನದಿಂದ ಈ ಮನೆಯಲ್ಲಿ ಕಪ್ಪೆಯ ಕಾಲಿನದೇ ಮಾತು. ಸಂದಿನಲ್ಲಿ ಸಣ್ಣ ಇರಬೇಕಂತೆ, ಪಾದ ಅಗಲ. ಸೊಂಟದ ಹತ್ತಿರ ದಪ್ಪ ಇದ್ದರೆ ಕಿತ್ತು ಬರುವುದಿಲ್ಲವಂತೆ. ನಾನು ಕೆತ್ತಿದ್ದಕ್ಕೆಲ್ಲ ತಲೆ ಅಲ್ಲಾಡಿಸುತ್ತಾರೆ. ಹೇಳಿದರೆ ತಿಳಿಯುವುದಿಲ್ಲ ನಿನಗೆ, ಚಿತ್ರ ಬರೆದೇ ತೋರಿಸಬೇಕು ಎನ್ನುತ್ತಾರೆ. ಎಡಗೈಯಲ್ಲಿ ಬರೀತೀರಾ ಎಂದೆ. ಇರೋದೇ ಅದು ಎಂದರು, ಆರಾಮಾಗಿ.

ಈಗ ಪಕ್ಕಕ್ಕೇ ಬಂದು ಕೂತಿದ್ದಾರೆ. ಹಾಳೆ ಹುಡುಕುವಷ್ಟು ತಾಳ್ಮೆ ಇಲ್ಲ, ಈ ಪುಟದಲ್ಲೇ ಬರೆಯುತ್ತಾರಂತೆ. ಪೆನ್ನು ಕೇಳುತ್ತಿದ್ದಾರೆ. ಒಂದು ನಿಮಿಷ ತಡೀರಿ, ಈ ಸಾಲು ಮುಗಿ