ಕೆಳಗಿಳಿಯದ ಹನಿ

ಔರಾದ
೨ ಮಾರ್ಚ್ ೨೦೨೫

ಸಾನಿಕಾಳ ಬಾಬಾ ಅವರಿಗೆ,

ನಾವಿಬ್ಬರೂ ಆರಾಮ ಇದ್ದೇವೆ. ಫೋನ್ ಮಾಡಿದರೆ ನಮ್ಮಿಬ್ಬರ ಮಾತು ಜಗಳಕ್ಕೇ ಹೋಗಿ ಮುಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮನ್ನು ಕರೆಯಲಿಕ್ಕೆ ಬರೆಯುತ್ತಿಲ್ಲ. ಮಗಳ ಸಂಗತಿ, ನಿಮಗೂ ಗೊತ್ತಿರಲಿ ಅಂತ ಅಷ್ಟೇ.

ಸಾಲಿಯಲ್ಲಿ ಗೌಹರ ಟೀಚರ್ ನೀರಿನ ಚಕ್ರದ ಪಾಠವನ್ನು ಕಥೆ ಮಾಡಿ ಹೇಳಿದರಂತೆ. ಆಮೇಲೆ ಪ್ರತಿ ಮಗುವೂ ತನ್ನದೊಂದು ಹನಿಯ ಕಥೆ ಕಟ್ಟಬೇಕು: ಬಿಸಿಲಿಗೆ ಆವಿಯಾಗಿ, ಮೋಡ ಸೇರಿ, ಮಳೆಯಾಗಿ ಇಳಿದು, ಮತ್ತೆ ನದಿಗೆ ಬರಬೇಕು. ಕಥೆ ಕಟ್ಟುವುದನ್ನು ಅವಳಿಗೆ ಕಲಿಸಿದವರು ನೀವೇ ಅಲ್ಲವೇ. ನಮ್ಮ ಸಾನಿಕಾಳ ಹನಿ ಮಾಂಜ್ರಾ ನದಿಯಿಂದ ಎದ್ದು, ನೀವಿರುವ ಬೀದರದ ಮೇಲೆ ಹೋಗಿ ನಿಂತಿತು. ಕೆಳಗೆ ಒಂದು ಮನೆಯ ಮಾಳಿಗೆ, ಅಲ್ಲೊಬ್ಬರು ಅಂಗಿ ಒಣಹಾಕುತ್ತಿದ್ದಾರೆ. ಜೊತೆಗಿದ್ದ ಹನಿಗಳೆಲ್ಲ ಇಳಿದವು. ಇವಳದು ಇಳಿಯಲೇ ಇಲ್ಲ. ಯಾಕೆಂದು ಟೀಚರ್ ಕೇಳಿದರೆ, "ಅವ್ರು ಮ್ಯಾಲ ನೋಡಿಲ್ರಿ" ಅಂದಳಂತೆ.

ಟೀಚರ್ ನನ್ನನ್ನು ಕರೆಸಿದರು. "ತಪ್ಪ ಬರ್ದಾಳಂತ ಅಲ್ರಿ, ಆದ್ರ ಹನಿ ಕೆಳಗ ಇಳೀಬೇಕಲ್ರಿ" ಅಂದರು. ಹೆಚ್ಚೇನೂ ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ಕಷ್ಟವಾಯಿತು.

ಮನೆಗೆ ಬಂದು ಪಾತ್ರೆಯಲ್ಲಿ ನೀರು ಕುದಿಸಿ ಮೇಲೆ ತಾಟು ಹಿಡಿದು ತೋರಿಸಿದೆ. ತಾಟಿನಡಿ ಹನಿ ಕೂಡಿ, ದಪ್ಪಗಾಗಿ, ಟಪ್ ಅಂತ ಬಿತ್ತು.

"ಭಾರ ಆದ್ರ ಬೀಳಲೇಬೇಕೇನು, ಆಯಿ?"

"ಹೂಂ."

"ಎಲ್ಲಿ ಬೀಳ್ತಿ ಅಂತ ಅದಕ್ಕ ಯಾರೂ ಕೇಳೂದಿಲ್ಲೇನು?"

ನಾನು ಗ್ಯಾಸ್ ಆರಿಸಿದೆ. ಅವಳು ಎದ್ದು ಹೋದಳು.

ಮೊನ್ನೆ ಶುಕ್ರವಾರ ಪಾಲಕರ ಮುಂದೆ ಮಕ್ಕಳು ಕಥೆ ಹೇಳಿದರು. ಬೆಂಚುಗಳ ಮೇಲೆ ಜೋಡಿ ಜೋಡಿಯಾಗಿ ತಾಯಿ-ತಂದೆ. ಯಾರಾದರೂ ಏನಾದರೂ ಕೇಳಿಯಾರು ಅಂತ ಪಕ್ಕದ ಜಾಗದಲ್ಲಿ ನನ್ನ ಚೀಲ ಇಟ್ಟುಕೊಂಡೆ. ಸಾನಿಕಾ ಕಥೆ ಬದಲಿಸಿದ್ದಳು. ಹನಿ ಬಹಳ ಹೊತ್ತು ಅದೇ ಮಾಳಿಗೆಯ ಮೇಲೆ, ಮೋಡದಲ್ಲೇ ಕಾಯಿತು. ಭಾರವಾಯಿತು. ಗಾಳಿ ಅದನ್ನು ಠಾಣಾ ಕುಶನೂರದ ಕಡೆ ತಳ್ಳಿಕೊಂಡು ಹೋಗಿ ಯಾರದೋ ತೊಗರಿ ಹೊಲದ ಮೇಲೆ ಬಿಟ್ಟಿತು. ಅಲ್ಲಿ ಗುರುತಿನವರು ಯಾರೂ ಇಲ್ಲ. ಕಳೆ ಕೀಳುತ್ತಿದ್ದ ಒಬ್ಬ ಅಜ್ಜಿ ಮುಖ ಮೇಲೆತ್ತಿ, "ಬಂದ್ಯಾ ನನ್ನವ್ವಾ" ಅಂದಳು. ಹನಿ ಅವಳ ಹಣೆಯಿಂದ ಜಾರಿ ಮಣ್ಣಿಗಿಳಿದು, ಹಳ್ಳ ಸೇರಿ, ಮಾಂಜ್ರಾಕ್ಕೆ ಬಂತು.

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ.

ದಾರಿಯಲ್ಲಿ ಕೇಳಿದೆ, ಆ ಮಾಳಿಗೆಯ ಮೇಲೇ ಯಾಕೆ ಬೀಳಿಸಲಿಲ್ಲ ಅಂತ. "ಅಲ್ಲಿ ಫರಸಿಕಲ್ಲ ಹಾಕ್ಯಾರ, ಆಯಿ. ಬಿದ್ರೂ ಒಣಗಿ ಹೋಗ್ತದ" ಅಂದಳು. ಅಳಲಿಲ್ಲ. ಪೇರಲಹಣ್ಣು ಕೊಡಿಸು ಅಂದಳು, ಕೊಡಿಸಿದೆ.

ಬಸ್ ಸಿಗಲಿಲ್ಲ, ರಜೆ ಸಿಗಲಿಲ್ಲ ಅಂತ ಇಷ್ಟು ದಿನ ನಿಮ್ಮ ಪರವಾಗಿ ನಾನೇ ಅವಳಿಗೆ ನೆಪ ಹೇಳುತ್ತಿದ್ದೆ. ಇನ್ನು ಅವಳು ಕೇಳುವುದಿಲ್ಲ. ಹೇಳಲು ಏನೂ ಇಲ್ಲದ ಸಂಜೆಗಳು ಇಷ್ಟು ಉದ್ದ ಅಂತ ನನಗೆ ಗೊತ್ತಿರಲಿಲ್ಲ.

ಮೈ ಕಾಪಾಡಿಕೊಳ್ಳಿ.

ಅಲಕಾ

ತಾ.ಕ.: ನನಗೆ ಭಾಲ್ಕಿಗೆ ವರ್ಗವಾಗಿದೆ. ಪರೀಕ್ಷೆ ಮುಗಿದ ಕೂಡಲೇ ಈ ಮನೆ ಬಿಡುತ್ತೇವೆ. ಇದನ್ನು ನಿಮಗೆ ತಿಳಿಸಬಾರದು ಅಂತಲೇ ಇದ್ದೆ. ಈಗ ಪತ್ರ ಹಾಕಲಿಕ್ಕೆ ಪಾಕೀಟು ತಾ ಅಂತ ಸಾನಿಕಾಳಿಗೆ ಹೇಳಿದೆ. ಅದರ ಹಿಂಬದಿಗೆ ಭಾಲ್ಕಿಯ ಹೊಸ ಮನೆಯ ವಿಳಾಸ ಬರೆದು ತಂದುಕೊಟ್ಟಿದ್ದಾಳೆ. ಬೇರೆ ಪಾಕೀಟು ಮನೆಯಲ್ಲಿತ್ತು. ನಾನು ಇದನ್ನೇ ಕಳಿಸುತ್ತಿದ್ದೇನೆ.