ಸೂಜಿ ಕಣ್ಣು

ಆಳಂದ, ೧೯೪೧

ಲೇ ಖಾಸಿಮ್,

ಸೊಲ್ಲಾಪುರದಾಗ ಕೂತು ನಿನಗೇನ್ ತಿಳೀತದ ಇಲ್ಲಿದು? ನನ್ನ ಕೈ ನಡುಕಕ್ಕ ದವಾಖಾನ್ಯಾಗ ಕೊಟ್ಟ ಔಷಧ ನೀನೇ ಎತ್ತಿಡ್ತಿದ್ದಿ, ದಿನಾ ನೀನೇ ಹನಿ ಎಣಿಸಿ ನೀರಾಗ ಹಾಕ್ತಿದ್ದಿ. ಇನ್ನೊಂದೀಟು ಹಾಕು ಅಂದ್ರ, "ಡಾಕ್ಟರ್ ಹೇಳಿದಷ್ಟೇ, ದತ್ತಪ್ಪ" ಅಂತಿದ್ದಿ. ಈ ಹೊಲಿಗಿ ಅಂಗಡಿ ಯಾರದು, ಕೈ ಯಾರದು ಅಂತ ಒಂದಿನ ನಾ ಒದರಿದೆ. ನೀ ಕತ್ತರಿ ಕೆಳಗಿಟ್ಟು ಸೊಲ್ಲಾಪುರಕ್ಕ ಹೋದಿ.

ಮೊನ್ನೆ ತಹಸೀಲದಾರರ ಶೇರವಾನಿಗೆ ಗುಂಡಿ ಹಚ್ಚೋದು ಉಳಿದಿತ್ತು. ಬಾಟ್ಲಿ ಈಗ ನಂದೇ ಅಲ್ಲೇನು? ನಡಗೋ ಕೈಲೇ ಸುರುವಿದೆ. ಎಷ್ಟು ಹನಿ ಬಿದ್ದುವೋ ದೇವರಿಗೇ ಗೊತ್ತು. ಕುಡದೆ. ಕೈ ಕಲ್ಲಿನಂಗ ನಿಂತಿತು. ಆದ್ರ ನಾಲಗಿ ಒಣಗಿ ಅಂಟಿತು, ಕಣ್ಣು ಮಂಜಾದ್ವು, ಸೂಜಿ ಕಣ್ಣೇ ಕಾಣವಲ್ದು!

"ಏನ್ ನೋಡ್ಕೋತ ನಿಂತೀಯೋ ಖಾಸಿಮ್, ದಾರ ಪೋಣಿಸಿ ಕೊಡು" ಅಂತ ಬೈದು ಸೂಜಿ ಮುಂದ ಚಾಚಿದೆ. ಹೆಂಡ್ತಿ ಮಲ್ಕಮ್ಮ ಓಡಿ ಬಂದ್ಳು.

"ಯಾರ ಜೋಡಿ ಮಾತಾಡಾಕತ್ತೀರಿ? ಅದು ಗೂಟಕ್ಕ ಹಾಕಿದ ಶೇರವಾನಿರಿ!"

ಡಾಕ್ಟರ್ ಬಂದು ಬೈದ್ರು. ಮನಸ್ಸಿಗೆ ಬಂದಂಗ ಹೆಚ್ಚು ಮಾಡಬ್ಯಾಡ್ರಿ, ಹೆದರಿ ಒಮ್ಮೆಲೇ ಬಿಡಲೂ ಬ್ಯಾಡ್ರಿ, ಹನಿ ಬ್ಯಾರೆಯವ್ರು ಹಾಕಲಿ ಅಂದ್ರು. ಎಲ್ಲಾ ನೀ ಹೇಳಿದ್ದೇ. ಅದಕ್ಕೇ ಇನ್ನಷ್ಟು ಸಿಟ್ಟು ಬರ್ತದ.

ಈ ಕಾಗದ ಟಪಾಲಿಗೆ ಹಾಕಂಗಿಲ್ಲ. ಅಕ್ಷರ ನೋಡಿದ ಕೂಡ್ಲೇ ಕೈ ಹ್ಯಾಂಗದ ಅಂತ ನಿನಗ ತಿಳೀತದ.

ಇವತ್ತ ಔಷಧದ ಅಮಲು ಇಳದದ. ಕೈ ಮತ್ತ ನಡಗಾಕತ್ತದ. ಕಣ್ಣು ಮಾತ್ರ ಚೊಕ್ಕ ಆಗ್ಯಾವ. ಸೂಜಿ ಕಣ್ಣು ಕಾಣ್ತದ. ಗೂಟದ ಕಡೆ ನೋಡಿದ್ರ, ಬರೇ ಶೇರವಾನಿ ಕಾಣ್ತದ.