ಗೌರಕ್ಕ ನಂಬದ ಗೆರೆ

ಗೌರಕ್ಕಾ,

ನೀನು ಓದುತ್ತೀಯೋ ಇಲ್ಲವೋ, ಬೈಯುವುದಂತೂ ಖಂಡಿತ. ಬೈದುಕೋ. ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತವಳಿಗೆ ಅದೇ ಸರಿ.

ಲ್ಯಾಬಿನಲ್ಲಿ ಅವತ್ತು ನಾನು ಕುಣಿದಾಡಿದ್ದು ನೆನಪಿದೆಯಾ? ಡಿಎನ್‌ಎಗೆ ಅಂಟಿದಾಗ ಹೊಳೆಯುವ ಬಣ್ಣ ಹಾಕಿ, ಅದರ ಮೇಲೆ ನಮ್ಮ ಕೆಂಪು ಔಷಧವನ್ನು ಹನಿಹನಿಯಾಗಿ ಬಿಡುತ್ತಿದ್ದೆ. ಔಷಧ ಡಿಎನ್‌ಎಗೆ ಅಂಟಿದರೆ ಬಣ್ಣ ಜಾಗ ಬಿಡಬೇಕು, ಹೊಳಪು ಇಳಿಯಬೇಕು. ಇಳಿಯಿತು! ಪರದೆಯ ಮೇಲಿನ ಗೆರೆ ಒಂದೊಂದು ಹನಿಗೂ ಕೆಳಗೆ, ಕೆಳಗೆ. ಲ್ಯಾಬಿನಲ್ಲಿ ನನಗಿಂತ ಹಿರಿಯಳು ನೀನು, ಔಷಧ ಬೆರೆತ ಗಾಜಿನ ನಳಿಗೆಯನ್ನು ಕಿಟಕಿಗೆ ಹಿಡಿದು ನೋಡಿದೆ.

"ಭಾಳ ಹಿಗ್ಗಬ್ಯಾಡಲೇ. ಔಷಧನೇ ಇಷ್ಟು ಕೆಂಪೈತಿ, ಬೆಳಕು ಅದೇ ನುಂಗಾಕತ್ತಿರಬೇಕು. ಬಲ್ಬಿನ ಮುಂದ ನೀ ಹೋಗಿ ನಿಂತ್ರೂ ಮನಿ ಕತ್ತಲಾಗ್ತೈತಿ. ಇನ್ನೊಮ್ಮೆ ನೋಡು."

"ಹೊಟ್ಟೆಕಿಚ್ಚು ನಿನಗ" ಅಂದುಬಿಟ್ಟೆ, ಎಲ್ಲರೆದುರು. ನೀನು ನಳಿಗೆ ತೊಳೆದಿಟ್ಟು ಸಿಂಧನೂರಿನ ಬಸ್ಸಿಗೆ ಹೊರಟುಹೋದೆ. ಆಮೇಲೆ ನಮಗೆ ಮಾತೇ ಇರಲಿಲ್ಲ. ಆ ಗೆರೆಯ ಮೇಲೆ ನಾನು ಬರೆದ ಲೇಖನ ಅಚ್ಚಾಯಿತು, ಅದರ ಬಲದ ಮೇಲೆ ಲಿಂಗಸುಗೂರಿನ ಕಾಲೇಜಿನಲ್ಲಿ ನನಗೆ ಕೆಲಸವೂ ಸಿಕ್ಕಿತು. ನಮ್ಮೂರು ಮಸ್ಕಿಯಲ್ಲಿ ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ನಿನಗೆ ಜ್ವರ ತಲೆಗೇರಿದೆ, ದವಾಖಾನೆಯಲ್ಲಿದ್ದೀಯ ಅಂತ ಕೇಳಿದಾಗ ಓಡಿ ಬರಬೇಕಿತ್ತು. ನಾಳೆ ಹೋದರಾಯ್ತು, ನಾಡಿದ್ದು ಹೋದರಾಯ್ತು ಅಂತ...

ಕೊನೆಗೆ ನಿನ್ನ ಮಣ್ಣಿಗೇ ಬಂದೆ. ನಿಮ್ಮೂರು ತುರ್ವಿಹಾಳದಲ್ಲಿ ನಿಮ್ಮವ್ವ ನನ್ನ ಕೈ ಹಿಡಿದುಕೊಂಡು ಅತ್ತಳು.

"ಕಡೀ ಮೂರು ದಿನ ಬರೀ ಬಡಬಡ್ಸಾಕತ್ತಿದ್ಲವ್ವ. ‘ಔಷಧನೇ ಬೆಳಕು ನುಂಗೈತಿ, ಆಕಿಗೆ ಇನ್ನೊಮ್ಮೆ ನೋಡಂತ ಹೇಳ್ರಿ’ ಅಂತಿದ್ಲು. ಏನದು, ನಿನಗೇನರ ಗೊತ್ತೇನು?"

ನಾನು ಇಲ್ಲ ಅಂದೆ. ನಿನ್ನ ಹೆಣದ ಮುಂದೆ ಕೂತು ಇಲ್ಲ ಅಂದೆ ಗೌರಕ್ಕಾ!

ಅಂದಿನಿಂದ ಕಾಲೇಜಿನಲ್ಲಿ ಬೆಳಕು ಅಳೆಯುವ ಕಲರಿಮೀಟರಿನ ಮುಚ್ಚಳ ಹಾಕಿದರೆ ಸಾಕು, ನೀನು ಬೆನ್ನ ಹಿಂದೆ ನಿಂತಿರುತ್ತೀಯ. ಮಾತಿಲ್ಲ, ಬರೀ ಉಸಿರು ಕುತ್ತಿಗೆಗೆ ತಾಗುತ್ತದೆ. ತಟ್ಟನೆ ತಿರುಗಿದರೆ ಬಿಎಸ್ಸಿ ಹುಡುಗಿಯರು, "ಏನಾತ್ರೀ ಮೇಡಂ?" ಅನ್ನುತ್ತಾರೆ. ನನಗೆ ಹೆದರಿಕೆಯಾಗುತ್ತದೆ ಅಕ್ಕಾ. ನೀನು ಬರದಿದ್ದ ದಿನ ಇನ್ನೂ ಹೆಚ್ಚು.

ಹೋದ ತಿಂಗಳು ಹಳೆಯ ಲ್ಯಾಬಿಗೆ ಹೋಗಿ ಮತ್ತೆ ಅಳೆದೆ. ಔಷಧ ತಾನೇ ನುಂಗಿದ ಬೆಳಕನ್ನು ಲೆಕ್ಕ ಹಿಡಿದು ಸರಿಪಡಿಸಿದರೆ, ಗೆರೆ ಇಳಿಯಲೇ ಇಲ್ಲ. ಔಷಧ ಡಿಎನ್‌ಎಗೆ ಅಂಟಿಯೇ ಇರಲಿಲ್ಲ. ನನ್ನ ಲೇಖನ ತಪ್ಪು, ಹಿಂದಕ್ಕೆ ತೆಗೆದುಕೊಳ್ಳಿ ಎಂದು ಪತ್ರಿಕೆಗೆ ಬರೆದೆ. ಕೆಲಸ ಉಳಿಯುತ್ತದೋ ಹೋಗುತ್ತದೋ, ನೋಡಬೇಕು.

ಮೊನ್ನೆ ಭಾನುವಾರ ತುರ್ವಿಹಾಳಕ್ಕೆ ಹೋಗಿ ನಿಮ್ಮವ್ವನ ಮುಂದೆ ಎಲ್ಲ ಒಪ್ಪಿಕೊಂಡೆ. "ಆಕಿ ಬಡಬಡಿಸಿದ್ದಲ್ಲ ಬೇ ಯವ್ವಾ. ನನಗ ಹೇಳಿದ್ಲು. ಆಕಿ ಅಂದಿದ್ದು ಖರೇನ ಇತ್ತು" ಎಂದೆ. ಜೀವಕ್ಕೆ ಒಂದಿಷ್ಟು ಸಮಾಧಾನವಾದೀತು ಅಂದುಕೊಂಡಿದ್ದೆ. ಆಕೆ ಸೆರಗಿನ ಅಂಚು ತಿರುವುತ್ತ ಕೇಳಿದಳು:

"ಹಂಗಾರ ಆಕಿಗೆ ಎಚ್ಚರ ಇತ್ತು? ‘ಯವ್ವಾ, ನನ್ನ ಮನಿಗೆ ಕರ್ಕೊಂಡು ಹೋಗು’ ಅಂತನೂ ಅಂತಿದ್ಲವ್ವ. ಅದನ್ನೂ ನಾವು ಬಡಬಡಿಕಿ ಅಂತ ಬಿಟ್ವಿ."